ಕಾರಿನ ಟಾಪ್ ಕ್ಯಾರಿಯರ್ ಗುಂಯ್ ಅನ್ನುತ್ತದೆ, ಮೈಲೇಜೂ ಬಿದ್ದಿದೆ. ಏನು ಮಾಡಲಿ?

ತವರಿನ ದಾರಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಏಳು ಸೀಟಿನ ಪೆಟ್ರೋಲ್ ಕಾರು. ಇರುವುದು ಬೆಂಗಳೂರಿನಲ್ಲಿ, ನನ್ನ ತವರು ಹುಬ್ಬಳ್ಳಿ. ಮಕ್ಕಳು, ಅತ್ತೆ, ಮಾವ ಎಲ್ಲ ಹೊರಟರೆ ಹಿಂದಿನ ಸೀಟೂ ಭರ್ತಿ. ಡಿಕ್ಕಿಯಲ್ಲಿ ಎರಡು ಬ್ಯಾಗ್ ಹಿಡಿದರೆ ಪುಣ್ಯ. ಅದಕ್ಕೇ ರೂಫ್ ರೇಲ್ ಮೇಲೆ ಎರಡು ಅಡ್ಡ ಪೈಪ್ ಹಾಕಿಸಿದೆವು. ದುಂಡು ಪೈಪು, ಒಂದು ಇಂಚು ದಪ್ಪ, ಒಳಗೆ ಟೊಳ್ಳು.

ತೊಂದರೆ ಮೂರು.

ಒಂದು, 70 ದಾಟಿದ ಕೂಡಲೇ ಗುಂಯ್ ಅಂತ ಶುರುವಾಗುತ್ತದೆ. 90ಕ್ಕೆ ಹೋದರೆ ಹಿಂದೆ ಕೂತ ಅತ್ತೆ ಮಾತಾಡಿದ್ದು ಕೇಳುವುದಿಲ್ಲ. (ಇದನ್ನು ತೊಂದರೆ ಅಂತಲೇ ಬರೆಯುತ್ತಿದ್ದೇನೆ, ಅವರೂ ಇದನ್ನು ಓದುತ್ತಾರೆ.) ಸ್ಪೀಡ್ ಏರಿದ ಹಾಗೆ ಸ್ವರವೂ ಏರುತ್ತದೆ.

ಎರಡು, ಇದು ಬೇರೆ ಸದ್ದು. ಸಣ್ಣಗೆ, ಚೂಪಾಗಿ ಸೀಟಿ ಹೊಡೆದ ಹಾಗೆ. 80ರ ಆಸುಪಾಸಿನಲ್ಲಿ ಬರುತ್ತದೆ, ಸ್ವಲ್ಪ ಜೋರಾಗಿ ಹೋದರೆ ನಿಂತೇ ಬಿಡುತ್ತದೆ.

ಮೂರು, ಮೈಲೇಜು. ಕ್ಯಾರಿಯರ್ ಇಲ್ಲದಾಗ ಹೈವೇಯಲ್ಲಿ 18 ಬರುತ್ತಿತ್ತು. ಈಗ ಪಂಚಮಿಗೆ ಹೋದಾಗ ಹುಬ್ಬಳ್ಳಿ ತಲುಪುವಷ್ಟರಲ್ಲಿ 14.5 ತೋರಿಸಿತು. ವಾಪಸ್ ಬರುವಾಗ 17. ನಮ್ಮಮ್ಮ ಕಟ್ಟಿಕೊಟ್ಟ ಉಂಡಿ, ಖಡಕ್ ರೊಟ್ಟಿ, ಬ್ಯಾಡಗಿ ಮೆಣಸಿನಕಾಯಿ ಚೀಲ ಎಲ್ಲ ಸೇರಿ ಬರುವಾಗಲೇ ಭಾರ ಜಾಸ್ತಿ. ಆದರೂ ಬರುವಾಗಲೇ ಮೈಲೇಜು ಚೆನ್ನಾಗಿದೆ! ಹೋಗುವಾಗ ಓಡಿಸಿದ್ದು ನಾನು, ಬರುವಾಗ ನಮ್ಮ ಯಜಮಾನರು. ಅವರ ಪ್ರಕಾರ ಇದರ ಕಾರಣ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಜೆ.ಸಿ. ರಸ್ತೆಯ ಕಾರಿನ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿದರೆ ರೆಕ್ಕೆ ಆಕಾರದ ಬಾರ್ ತಗೊಳ್ಳಿ ಅನ್ನುತ್ತಾರೆ. ಬೆಲೆ ಕೇಳಿ ವಾಪಸ್ ಬಂದೆ. ಪಕ್ಕದ ಮನೆಯವರು ಪೈಪಿಗೆ ಹಗ್ಗ ಸುತ್ತಿ ಅನ್ನುತ್ತಾರೆ, ಅದು ನಿಜವಾ ತಮಾಷೆಯಾ ಗೊತ್ತಾಗಲಿಲ್ಲ. ಇನ್ನೊಬ್ಬರು ಪೈಪಿನ ಮುಂದೆ ಗಾಳಿಗೆ ಅಡ್ಡವಾಗಿ ಒಂದು ಶೀಟ್ ಹಾಕಿ ಅಂತಾರೆ. ಯಾವುದು ಮಾಡಲಿ?

ರಾಣೆಬೆನ್ನೂರು ಟ್ಯಾಕ್ಸಿ:

ಅಕ್ಕಾರ, ನಂದು ಬಾಡಿಗೆ ಗಾಡಿ. ಮೇಲೆ ಕಬ್ಬಿಣದ ದೊಡ್ಡ ಕ್ಯಾರಿಯರ್. ಮದುವೆ ಸೀಜನ್ನಿನಲ್ಲಿ ಅದಿಲ್ಲದೆ ಆಗುವುದಿಲ್ಲ. ಆದರೆ ಸೀಜನ್ ಮುಗಿದ ಮೇಲೆ ಬಿಚ್ಚಿ ಗೋಡೆಗೆ ಒರಗಿಸಿ ಇಡುತ್ತೇನೆ. ಡೀಸೆಲ್ಲಿನಲ್ಲಿ ಫರಕ್ ಕಣ್ಣಿಗೆ ಕಾಣುತ್ತದೆ.

ಬೋಲ್ಟಿಗೆ ಗ್ರೀಸ್ ಹಚ್ಚಿ ಇಟ್ಟುಕೊಳ್ಳಿ. ಒಂದು ಮಳೆಗಾಲ ಹಾಗೇ ಬಿಟ್ಟರೆ ನಟ್ಟು ಹಿಡಿದುಕೊಂಡು ಬಿಚ್ಚಲು ಬರುವುದಿಲ್ಲ. ಆಮೇಲೆ "ಇರಲಿ ಬಿಡು" ಅಂತ ವರ್ಷವಿಡೀ ಅದನ್ನೇ ಹೊತ್ತುಕೊಂಡು ಓಡಾಡುತ್ತೀರಿ. ಬೆಂಗಳೂರಿನಲ್ಲಿ ಅರ್ಧ ಕಾರುಗಳ ಮೇಲೆ ಖಾಲಿ ಕ್ಯಾರಿಯರ್ ಇರುವುದು ಇದೇ ಕಾರಣಕ್ಕೆ. ಕೆಲವರದು ಶೋಕಿ, ಅದು ಬೇರೆ ಮಾತು.

ದುಡ್ಡು ಕೊಟ್ಟು ಸುಮ್ಮನಾದವ:

ಹಗ್ಗ ಗಿಗ್ಗ ಎಲ್ಲ ಬೇಡ. ರೆಕ್ಕೆ ಆಕಾರದ ಬಾರ್ ಹಾಕಿಸಿ, ನೆಮ್ಮದಿಯಾಗಿರಿ. ನಾನು ಹಾಕಿಸಿದ್ದೇನೆ. ಖಾಲಿ ಇದ್ದಾಗ ಸದ್ದೇ ಇಲ್ಲ. ಒಂದೇ ಎಚ್ಚರಿಕೆ: ಬಾರ್ ಮೇಲೆ ಉದ್ದಕ್ಕೂ ಸಣ್ಣ ಕಾಲುವೆಯಂಥ ಒಂದು ತಗ್ಗು ಇರುತ್ತದಲ್ಲ, ಅದರೊಳಗೆ ರಬ್ಬರ್ ಪಟ್ಟಿ ಬರುತ್ತದೆ. ಅದನ್ನು ಬಿಸಾಡಬೇಡಿ. ಪಟ್ಟಿ ಇಲ್ಲದಿದ್ದರೆ ಅಷ್ಟು ದುಬಾರಿ ಬಾರೂ ಸೀಟಿ ಹೊಡೆಯುತ್ತದೆ.

ಪೀಣ್ಯ ಚಿಮಣಿ ಮೇಸ್ತ್ರಿ:

ಮೇಡಂ, ನಾನು ಕಾರಿನ ಕೆಲಸದವನಲ್ಲ. ಪೀಣ್ಯದಲ್ಲಿ ಬಾಯ್ಲರ್‌ಗಳಿಗೆ ಉಕ್ಕಿನ ಚಿಮಣಿ ಮಾಡುವುದು ನಮ್ಮ ಕಸುಬು. ಆದರೆ ನಿಮ್ಮ ಪೈಪಿಗೂ ನಮ್ಮ ಚಿಮಣಿಗೂ ಗಾಳಿ ಕೊಡುವ ಕಾಟ ಒಂದೇ. ಅಳತೆ ಮಾತ್ರ ಬೇರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಪಕ್ಕದ ಮನೆಯವರು ತಮಾಷೆ ಮಾಡಿಲ್ಲ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ಸದ್ದು ಬೇರೆ, ಎಳೆತ (ಗಾಳಿ ಕಾರನ್ನು ಹಿಂದಕ್ಕೆ ಹಿಡಿಯುವ ಬಲ, ಮೈಲೇಜ್ ತಿನ್ನುವುದು ಅದು) ಬೇರೆ. ಎರಡಕ್ಕೂ ಒಂದೇ ಮದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸದ್ದಿನಲ್ಲೂ ನಿಮಗೆ ಬರುತ್ತಿರುವುದು ಎರಡು ಜಾತಿಯದು. ನೀವು ಅದನ್ನು ಬೇರೆ ಬೇರೆ ಬರೆದಿದ್ದು ಒಳ್ಳೆಯದಾಯಿತು, ಅರ್ಧ ಕೆಲಸ ಅಲ್ಲೇ ಮುಗಿಯಿತು.

ಮೊದಲು ಆ ಸೀಟಿ. ಒಂದು ನಿರ್ದಿಷ್ಟ ಸ್ಪೀಡಿನಲ್ಲಿ ಬಂದು, ಮೇಲೆ ಹೋದರೆ ನಿಂತುಬಿಡುವ ಸದ್ದು ಅಂದರೆ ಎಲ್ಲೋ ಒಂದು ತೂತು ಅಥವಾ ಟೊಳ್ಳು ಇದೆ ಅಂತ ಅರ್ಥ. ಖಾಲಿ ಬಾಟಲಿ ಬಾಯಿಗೆ ಅಡ್ಡ ಊದಿದರೆ ಸದ್ದು ಬರುತ್ತದಲ್ಲ, ಅದೇ ಕಥೆ. ಪೈಪಿನ ಎರಡೂ ತುದಿ ನೋಡಿ. ಪ್ಲಾಸ್ಟಿಕ್ ಮುಚ್ಚಳ ಬಿದ್ದುಹೋಗಿರುತ್ತದೆ. ಪೈಪಿನ ಕೆಳಗಡೆ ಬೆರಳಾಡಿಸಿ ನೋಡಿ, ಬಳಸದ ಬೋಲ್ಟ್ ತೂತುಗಳೂ ಇರುತ್ತವೆ. ಕಂಡ ತೂತಿಗೆಲ್ಲ ಕರಿ ಇನ್ಸುಲೇಷನ್ ಟೇಪ್ ಅಂಟಿಸಿ, ನೈಸ್ ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಒಂದು ಸುತ್ತು ಹೋಗಿ ಬನ್ನಿ. ಸೀಟಿ ನಿಂತರೆ ಆಮೇಲೆ ಒಂದೊಂದೇ ಟೇಪ್ ಕಿತ್ತು ಯಾವ ತೂತು ಅಂತ ಹಿಡಿಯಬಹುದು. ಅದಕ್ಕೆ ಎಂ-ಸೀಲ್ ಮೆತ್ತಿ. ಆದರೆ ತುದಿಗಳನ್ನು ಮುಚ್ಚುವ ಮುಂಚೆ ಪೈಪನ್ನು ಬಿಚ್ಚಿ ನೀರು ಬಗ್ಗಿಸಿ ಒಣಗಿಸಿ. ಒಳಗೆ ನೀರು ನಿಂತಿದ್ದರೆ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಈಗ ಆ ಗುಂಯ್. ಇದು ತೂತಿನ ಸದ್ದಲ್ಲ, ಪೈಪಿನ ಆಕಾರದ್ದೇ. ದುಂಡು ಪೈಪನ್ನು ದಾಟಿ ಹೋಗುವ ಗಾಳಿ ಹಿಂದೆ ನೇರವಾಗಿ ಕೂಡಿಕೊಳ್ಳುವುದಿಲ್ಲ. ಒಮ್ಮೆ ಮೇಲಿನಿಂದ ಒಂದು ಸುಳಿ, ಒಮ್ಮೆ ಕೆಳಗಿನಿಂದ ಒಂದು ಸುಳಿ, ಹೀಗೆ ಸರದಿಯಲ್ಲಿ ಕಳಚಿಕೊಳ್ಳುತ್ತವೆ. ತಂತಿಗಳು ಗಾಳಿಗೆ ಹಾಡುವುದನ್ನು ವಿನ್ಸೆಂಟ್ಸ್ ಸ್ಟ್ರೌಹಾಲ್ ಎಂಬ ಚೆಕ್ ವಿಜ್ಞಾನಿ 1878ರಲ್ಲೇ ಅಳೆದಿಟ್ಟಿದ್ದಾರೆ. ಲೆಕ್ಕ ಸುಲಭ. ಗಾಳಿಯ ವೇಗವನ್ನು ಪೈಪಿನ ದಪ್ಪದಿಂದ ಭಾಗಿಸಿ, 0.2ರಿಂದ ಗುಣಿಸಿ. ಸೆಕೆಂಡಿಗೆ ಎಷ್ಟು ಸಲ ಅಂತ ಸಿಗುತ್ತದೆ. ಗಂಟೆಗೆ 90 ಕಿ.ಮೀ. ಅಂದರೆ ಸೆಕೆಂಡಿಗೆ 25 ಮೀಟರ್. ಒಂದು ಇಂಚು ಅಂದರೆ ಹೆಚ್ಚುಕಡಿಮೆ 0.025 ಮೀಟರ್. ಉತ್ತರ 200. 70ರಲ್ಲಿ ಅದೇ ಲೆಕ್ಕ 155ರ ಸುತ್ತ ಬರುತ್ತದೆ. ಸ್ಪೀಡ್ ಏರಿದ ಹಾಗೆ ಸ್ವರ ಏರುತ್ತದೆ ಅಂತ ನೀವು ಬರೆದದ್ದು ಇದನ್ನೇ. ರೂಫ್ ಮೇಲೆ ಗಾಳಿ ಕಾರಿಗಿಂತ ಸ್ವಲ್ಪ ಜೋರಾಗಿಯೇ ಓಡುವುದರಿಂದ ನಿಜವಾದ ಸ್ವರ ಇನ್ನೂ ತುಸು ಮೇಲಿರುತ್ತದೆ.

ಚಿಮಣಿಯಲ್ಲಿ ಇದೇ ಸುಳಿಗಳು ನಿಧಾನಕ್ಕೆ ಬರುತ್ತವೆ, ಆದರೆ ಇಡೀ ಚಿಮಣಿಯನ್ನೇ ಅಡ್ಡಡ್ಡ ತೂಗಾಡಿಸುತ್ತವೆ. ಅದಕ್ಕೇ ಉಕ್ಕಿನ ಚಿಮಣಿಗಳ ಮೇಲಿನ ಮೂರನೇ ಒಂದು ಭಾಗಕ್ಕೆ ಸುರುಳಿಯಾಗಿ ಪಟ್ಟಿ ವೆಲ್ಡ್ ಮಾಡಿರುವುದನ್ನು ನೋಡಿರುತ್ತೀರಿ. ಅಂದಕ್ಕಲ್ಲ ಅದು. ಪಟ್ಟಿಯ ಅಗಲ ಚಿಮಣಿ ವ್ಯಾಸದ ಹತ್ತರಲ್ಲಿ ಒಂದು ಪಾಲು, ವ್ಯಾಸದ ಐದರಷ್ಟು ಎತ್ತರಕ್ಕೆ ಒಂದು ಸುತ್ತು. ಸುರುಳಿ ಇದ್ದರೆ ಸುಳಿಗಳು ಉದ್ದಕ್ಕೂ ಒಟ್ಟಿಗೆ ಕಳಚುವುದಿಲ್ಲ. ಇಲ್ಲೊಂದು ಈಗ, ಅಲ್ಲೊಂದು ಆಮೇಲೆ. ತಾಳ ತಪ್ಪಿತು, ಬಲ ಹೋಯಿತು. ಕೆಲವು ಕಾರಿನ ಕಡ್ಡಿ ಆಂಟೆನಾಗೆ ಸುರುಳಿ ತಂತಿ ಸುತ್ತಿರುತ್ತದಲ್ಲ, ಅದೂ ಇದಕ್ಕೇ.

ನಿಮಗೆ ಬೇಕಿರುವುದು 5 ಅಥವಾ 6 ಮಿ.ಮೀ. ದಪ್ಪದ ಹಗ್ಗ. ಮೊದಲು ಮುಂದಿನ ಪೈಪಿಗೆ ಮಾತ್ರ ಸುತ್ತಿ. ಐದು ಇಂಚಿಗೆ ಒಂದು ಸುತ್ತು ಬಂದರೆ ಸಾಕು. ಎರಡೂ ತುದಿಗೆ ಕೇಬಲ್ ಟೈ, ನಡುವೆ ಒಂದೆರಡು ಕಡೆ ಇನ್ನೊಂದು. ಒತ್ತೊತ್ತಾಗಿ ಮಾತ್ರ ಸುತ್ತಬೇಡಿ. ಹಾಗೆ ಸುತ್ತಿದರೆ ಪೈಪ್ ದಪ್ಪ ಆಯಿತು ಅಷ್ಟೇ, ಗುಂಯ್ ಅನ್ನುವುದು ಇನ್ನೂ ದಪ್ಪ ದನಿಯಲ್ಲಿ ಕೇಳುತ್ತದೆ. ಹಗ್ಗ ಸಡಿಲ ಇದ್ದರೆ ಅದೇ ಪಟಪಟ ಹೊಡೆಯಲು ಶುರು ಮಾಡುತ್ತದೆ. ಇನ್ನೊಂದು, ರೆಕ್ಕೆ ಆಕಾರದ ಬಾರ್ ಇದ್ದವರು ಅದಕ್ಕೆ ಹಗ್ಗ ಸುತ್ತಬೇಡಿ. ದುಡ್ಡು ಕೊಟ್ಟಿದ್ದೇ ಆ ಆಕಾರಕ್ಕೆ.

ಎಳೆತದ ವಿಷಯಕ್ಕೆ ಬಂದರೆ, ಹಗ್ಗದಿಂದ ಮೈಲೇಜ್ ಹೆಚ್ಚುವುದಿಲ್ಲ. ಒಂದು ಚೂರು ಇಳಿಯಲೂಬಹುದು. ಚಿಮಣಿಗೂ ಹಾಗೇ, ಸುರುಳಿ ಹಾಕಿದ ಭಾಗಕ್ಕೆ ಗಾಳಿಯ ಭಾರ ಜಾಸ್ತಿ ಅಂತಲೇ ಲೆಕ್ಕ ಹಿಡಿಯುತ್ತೇವೆ.

ಎಳೆತವನ್ನು ತೀರ್ಮಾನಿಸುವುದು ಆಕಾರ ಮತ್ತು ಸ್ಪೀಡು. ಚೌಕ ಪೈಪಿನ ಎಳೆತದ ಅಂಕ ಸುಮಾರು 2. ದುಂಡು ಪೈಪಿಗೆ ಸುಮಾರು 1.2. ವಿಮಾನದ ರೆಕ್ಕೆಯ ಆಕಾರಕ್ಕೆ 0.1ರ ಹತ್ತಿರ. ನಿಮ್ಮ ಎರಡು ಪೈಪ್ ಸೇರಿ, ಸುಮ್ನೆ ಅಂದಾಜಿನ ಲೆಕ್ಕ ಹಾಕಿದರೆ, ಇಡೀ ಕಾರಿನ ಎಳೆತದ ನೂರಕ್ಕೆ ಎಂಟರಷ್ಟು ಆಗುತ್ತದೆ. ಬರೀ ಎರಡು ಪೈಪ್! ಅದರ ಮೇಲೆ ಲಗೇಜು ಕೂತರೆ ಪೈಪಿನ ಲೆಕ್ಕವೇ ಬೇಡ, ಲಗೇಜೇ ದೊಡ್ಡ ಗೋಡೆ. ಅಮೆರಿಕ ಸರ್ಕಾರದ ಇಂಧನ ಮಿತವ್ಯಯದ ತಾಣದಲ್ಲಿ ಒಂದು ಅಂದಾಜು ಕೊಟ್ಟಿದ್ದಾರೆ. ರೂಫ್ ಮೇಲೆ ದೊಡ್ಡ ಮೊಂಡು ಪೆಟ್ಟಿಗೆ ಇಟ್ಟರೆ ಮೈಲೇಜು ಊರೊಳಗೆ ಶೇ. 2ರಿಂದ 8, ಹೆದ್ದಾರಿಯಲ್ಲಿ ಶೇ. 6ರಿಂದ 17, ಗಂಟೆಗೆ 105ರಿಂದ 120 ಕಿ.ಮೀ. ಓಡಿಸಿದರೆ ಶೇ. 10ರಿಂದ 25 ಇಳಿಯುತ್ತದೆ. ಅದೇ ಪೆಟ್ಟಿಗೆ ಕಾರಿನ ಹಿಂಭಾಗಕ್ಕೆ ಸಿಕ್ಕಿಸಿದ್ದರೆ ಹೆದ್ದಾರಿಯಲ್ಲೂ ಶೇ. 1ರಿಂದ 5 ಮಾತ್ರ.

ಈಗ ಮನೆಯೊಳಗಿನ ಜಗಳಕ್ಕೆ ಬರುತ್ತೇನೆ. ಪಂಚಮಿ ಹೊತ್ತಿಗೆ ಅಂದರೆ ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುವ ಕಾಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿ ಇರುವುದು ವಾಯವ್ಯಕ್ಕೆ. ಅಂದರೆ ಹೋಗುವಾಗ ಗಾಳಿ ಎದುರು, ಬರುವಾಗ ಬೆನ್ನಿಗೆ. ಗಂಟೆಗೆ 20 ಕಿ.ಮೀ. ಎದುರು ಗಾಳಿ ಇದೆ ಅಂದುಕೊಳ್ಳಿ. ನೀವು 90ರಲ್ಲಿ ಹೋದರೆ ಕಾರಿಗೆ ಬಡಿಯುವ ಗಾಳಿ 110. ಎಳೆತ ಸ್ಪೀಡಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಒಂದಕ್ಕೆ ಒಂದೂವರೆ ಪಟ್ಟು. ಬರುವಾಗ ಬಡಿಯುವುದು 70 ಮಾತ್ರ, ಎಳೆತ ಶೇ. 60ಕ್ಕೆ ಇಳಿಯುತ್ತದೆ. ಮೇಲಾಗಿ ಬೆಂಗಳೂರಿಗಿಂತ ಹುಬ್ಬಳ್ಳಿ ಸುಮಾರು 250 ಮೀಟರ್ ತಗ್ಗಿನಲ್ಲಿದೆ. ಹೋಗುವುದು ಇಳಿಜಾರು, ಬರುವುದು ಏರು, ಜೊತೆಗೆ ಉಂಡಿ ಭಾರ. ಇಷ್ಟಿದ್ದೂ ಹೋಗುವಾಗಲೇ ಮೈಲೇಜ್ ಕಮ್ಮಿ ಅಂದರೆ ಕಾರಣ ಗಾಳಿಯೇ. ಯಜಮಾನರಿಗೆ ಇದನ್ನು ತೋರಿಸಿ. ಅನುಮಾನ ಇದ್ದರೆ ಮುಂದಿನ ಸಲ ಹೋಗುವಾಗ ಅವರೇ ಓಡಿಸಲಿ.

ತವರಿನ ದಾರಿ:

ತೋರಿಸಿದೆ. ಓದಿ, "ಚಿಮಣಿ ಮಾಡುವವರಿಗೆ ಕಾರಿನ ವಿಷಯ ಏನು ಗೊತ್ತು" ಅಂದರು. ಅತ್ತೆ ನಿಮ್ಮ ಕಡೆ.

ಟೇಪ್ ಹಚ್ಚಿ ನೋಡಿದೆವು. ಸೀಟಿ ಪೂರ್ತಿ ನಿಂತಿತು. ಮುಂದಿನ ಪೈಪಿನ ಎಡ ತುದಿಯ ಮುಚ್ಚಳ ಇರಲಿಲ್ಲ, ಒಳಗೆ ಕಣಜ ಅರ್ಧ ಮಣ್ಣಿನ ಗೂಡು ಕಟ್ಟಿತ್ತು. ಹಗ್ಗವನ್ನೂ ಸುತ್ತಿದೆವು. ಗುಂಯ್ ಪೂರ್ತಿ ಹೋಗಿಲ್ಲ, ಆದರೆ 90ರಲ್ಲಿ ಈಗ ಬರೀ ಸುಯ್ ಅಂತ ಗಾಳಿ ಸದ್ದು. ಸ್ವರ ಹಿಡಿದು ಕೊರೆಯುವುದಿಲ್ಲ.

ಇನ್ನು ಎರಡು ಪ್ರಶ್ನೆ. ಮುಂದೆ ಶೀಟ್ ಹಾಕುವುದರಿಂದ ಉಪಯೋಗ ಇದೆಯಾ? ಮತ್ತೆ ಲಗೇಜ್ ಮೇಲೆ ಟಾರ್ಪಾಲು ಹೊದಿಸಿದಾಗ ಅದು ಬಡಬಡ ಅಂತ ಹೊಡೆದುಕೊಳ್ಳುತ್ತದೆ, ಬೆಲ್ಟ್ ಬೇರೆ ಝುಂಯ್ ಅನ್ನುತ್ತದೆ. ಅದಕ್ಕೇನು ಮಾಡುವುದು?

ಪೀಣ್ಯ ಚಿಮಣಿ ಮೇಸ್ತ್ರಿ:

ಶೀಟು ಸದ್ದಿಗೆ ಒಳ್ಳೆಯದು. ಗಾಳಿಯನ್ನು ಪೈಪಿನ ಮೇಲಿಂದ ಹಾರಿಸಿಬಿಡುತ್ತದೆ. ಮೈಲೇಜಿಗೆ ಅದರಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ. ಶೀಟೂ ಗಾಳಿಗೆ ಅಡ್ಡ ನಿಂತ ವಸ್ತುವೇ. ಹಾಕುವುದಾದರೆ ಹಿಂದಕ್ಕೆ ಚೆನ್ನಾಗಿ ವಾಲಿರಲಿ, ನೆಟ್ಟಗೆ ನಿಲ್ಲಿಸಬೇಡಿ. ಕೆಳ ಅಂಚು ರೂಫಿಗೆ ತಾಗುವ ಕಡೆ ರಬ್ಬರ್ ಬೀಡಿಂಗ್ ಹಾಕಿ, ಇಲ್ಲದಿದ್ದರೆ ಪೇಂಟ್ ಉಜ್ಜಿಹೋಗುತ್ತದೆ. ಅಕ್ರಿಲಿಕ್ ಬೇಡ, ಸೀಳುತ್ತದೆ. ಪಾಲಿಕಾರ್ಬೊನೇಟ್ ತಗೊಳ್ಳಿ. ಬರೀ ಕೇಬಲ್ ಟೈ ನಂಬಿ ಶೀಟ್ ಕಟ್ಟಬೇಡಿ, ಕ್ಲ್ಯಾಂಪ್ ಹಾಕಿ. 90ರಲ್ಲಿ ಕಿತ್ತುಹೋದರೆ ಹಿಂದೆ ಬರುವ ಬೈಕಿನವನ ಗತಿ ಏನು? ನಿಮಗೆ ಹಗ್ಗದಿಂದಲೇ ಸಮಾಧಾನ ಆಗಿದ್ದರೆ ಶೀಟಿನ ತಂಟೆ ಬೇಡ ಅಂತ ನನ್ನ ಅಭಿಪ್ರಾಯ.

ರೂಫ್ ರೇಲ್ ಮೇಲೆ ಮುಂದಿನ ಪೈಪನ್ನು ಹಿಂದಕ್ಕೆ ಸರಿಸಲು ಜಾಗ ಇದೆಯಾ ನೋಡಿ. ಗಾಜಿನ ಮೇಲಿಂದ ಗಾಳಿ ಅತಿ ಜೋರಾಗಿ ಏರಿ ಬರುವ ಜಾಗ ರೂಫಿನ ಮುಂದಿನ ಅಂಚು. ಅಲ್ಲಿಂದ ದೂರ ಹೋದಷ್ಟೂ ಸಾಮಾನ್ಯವಾಗಿ ಸದ್ದು ಕಮ್ಮಿ. ಖರ್ಚಿಲ್ಲದ ಕೆಲಸ. ಆದರೆ ಎರಡು ಪೈಪ್ ತೀರ ಹತ್ತಿರ ಬಂದರೆ ಲಗೇಜ್ ನಿಲ್ಲುವುದಿಲ್ಲ. ರೂಫ್ ಮೇಲೆ ಎಷ್ಟು ಕಿಲೋ ಇಡಬಹುದು ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ಅದರಲ್ಲಿ ಕ್ಯಾರಿಯರ್‌ನ ತೂಕವೂ ಸೇರಿತು.

ಮೈಲೇಜ್ ಬೇಕಾ, ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಎತ್ತಿ. 100ರ ಬದಲು 85ರಲ್ಲಿ ಹೋದರೆ ಗಾಳಿಯ ಎಳೆತ ನೂರಕ್ಕೆ 28ರಷ್ಟು ಇಳಿಯುತ್ತದೆ. ಯಾವ ಬಾರ್ ಕೊಂಡರೂ ಇಷ್ಟು ಸಿಗುವುದಿಲ್ಲ. ಹುಬ್ಬಳ್ಳಿ ಸುಮಾರು 400 ಕಿ.ಮೀ. ಅಂತ ಹಿಡಿದರೂ ಜಾಸ್ತಿ ಆಗುವುದು ಮುಕ್ಕಾಲು ಗಂಟೆಯೊಳಗೆ.

ಬೆಲ್ಟ್ ಝುಂಯ್ ಅನ್ನುವುದಕ್ಕೆ ಮದ್ದು ಇನ್ನೂ ಸುಲಭ. ಲಗೇಜಿಗೆ ತಾಗದೆ ಗಾಳಿಯಲ್ಲಿ ತೂಗುವ ಕಡೆ ಬೆಲ್ಟಿಗೆ ಒಂದೆರಡು ತಿರುವು ಕೊಟ್ಟು ಬಿಗಿಯಿರಿ. ಚಪ್ಪಟೆ ಬೆಲ್ಟ್ ನೇರವಾಗಿದ್ದರೆ ಗಾಳಿಗೆ ನಡುಗುತ್ತದೆ, ತಿರುಚಿದ್ದರೆ ನಡುಗುವುದಿಲ್ಲ. ಇದೂ ಸುರುಳಿಯ ಕೆಲಸವೇ. ಟಾರ್ಪಾಲಿನ ಬಗ್ಗೆ ಮಾತ್ರ ನನಗಿಂತ ಟ್ಯಾಕ್ಸಿ ಅಣ್ಣನನ್ನು ಕೇಳಿ.

ರಾಣೆಬೆನ್ನೂರು ಟ್ಯಾಕ್ಸಿ:

ಕೇಳಿದ್ದಕ್ಕೆ ಹೇಳುತ್ತೇನೆ. ಎಲ್ಲರೂ ಟಾರ್ಪಾಲು ಮೇಲಿಂದ ಹೊದಿಸಿ ಕೆಳಗೆ ಹಗ್ಗ ಕಟ್ಟುತ್ತಾರೆ. ಮುಂದಿನ ಅಂಚಿನ ಕೆಳಗೆ ಗಾಳಿ ನುಗ್ಗಿ ಬಲೂನ್ ಆಗುತ್ತದೆ. ಹಾಗೆ ಮಾಡಬಾರದು. ಮೊದಲು ಟಾರ್ಪಾಲು ಹಾಸಿ, ಅದರ ಮೇಲೆ ಬ್ಯಾಗ್ ಜೋಡಿಸಿ. ಆಮೇಲೆ ಹಿಂದಿನ ಅಂಚನ್ನು ಮೊದಲು ಮಡಚಿ ಬ್ಯಾಗಿನ ಮೇಲೆ ತನ್ನಿ, ಎರಡೂ ಪಕ್ಕ ಮಡಚಿ, ಕೊನೆಗೆ ಮುಂದಿನದು. ಅಯ್ಯೋ, ಅಲ್ಲ, ಮಳೆ ಇದ್ದರೆ ಹೀಗೆ ಕಟ್ಟಿದಾಗ ಮೇಲಿನ ಮಡಿಕೆಯಿಂದ ನೀರು ಇಳಿಯುತ್ತದೆ. ಮಳೆಗಾಲದಲ್ಲಿ ಇನ್ನೊಂದು ಸಣ್ಣ ಟಾರ್ಪಾಲು ಮೇಲೆ ಹಾಕಿ, ಅದರ ಮುಂದಿನ ಅಂಚನ್ನು ಬ್ಯಾಗಿನ ಅಡಿಗೆ ಸಿಕ್ಕಿಸಿಬಿಡಿ. ಗಾಳಿಗೆ ಎದುರಾಗಿ ಒಂದೂ ಬಾಯಿ ತೆರೆದಿರಬಾರದು, ಇಷ್ಟೇ ಲೆಕ್ಕ. ಎಲ್ಲದರ ಮೇಲೆ ಎಲಾಸ್ಟಿಕ್ ಬಲೆ, ಆಮೇಲೆ ಬೆಲ್ಟು. ಬಲೆ ಒಂದನ್ನೇ ನಂಬಬೇಡಿ.

ತಗ್ಗಿನ ಬ್ಯಾಗ್ ಮುಂದೆ, ಎತ್ತರದ್ದು ಅದರ ಹಿಂದೆ. ಸೂಟ್‌ಕೇಸ್ ನಿಲ್ಲಿಸಬೇಡಿ, ಮಲಗಿಸಿ. ಭಾರದ್ದು ಕಾರಿನೊಳಗೆ, ಹಗುರದ್ದು ಮೇಲೆ. ಉಂಡಿ ಡಬ್ಬಿ ಮಾತ್ರ ಮೇಲೆ ಕಟ್ಟಬೇಡಿ ಅಕ್ಕಾರ, ರಸ್ತೆ ಉಬ್ಬಿಗೆ ಉಂಡಿ ಪುಡಿ ಆಗುತ್ತವೆ.

ಮತ್ತೆ ಹೊರಟು ಅರ್ಧ ಗಂಟೆ ಆದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟ್ ಎಳೆದು ನೋಡಿ. ಲಗೇಜು ಅಷ್ಟರಲ್ಲಿ ಕುಸಿದು ಬೆಲ್ಟ್ ಸಡಿಲ ಆಗಿರುತ್ತದೆ. ಬೆಂಗಳೂರಿನಿಂದ ಹೊರಟರೆ ನೆಲಮಂಗಲ ದಾಟಿ ಚಹಾಕ್ಕೆ ನಿಲ್ಲಿಸುತ್ತೀರಲ್ಲ, ಅಲ್ಲೇ ನೋಡಿಬಿಡಿ. ಸಿರಾ ದಾಟಿದ ಮೇಲೆ ಬಯಲು, ಗಾಳಿ ಹಿಡಿದರೆ ಅಲ್ಲಿಂದ ದುರ್ಗದವರೆಗೆ ಬಿಡುವುದಿಲ್ಲ.